ಮೇಮಸಾಬಳ ಜೀವ, ದೊಡ್ಡಪ್ಪನ ಮೀಸೆ

ಸಿಟ್ಟು ನಮ್ಮ ಮನೆಯಲ್ಲಿ ಹಿರಿತನದ ಪ್ರಕಾರ ಹಂಚಿಕೆಯಾಗಿತ್ತು. ಮೊದಲ ಪಾಲು ದೊಡ್ಡಪ್ಪನದು. ರೈಲ್ವೆ ಕಾರಖಾನೆಯಿಂದ ಬಂದು, ಕಾಲು ತೊಳೆದು, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತನೆಂದರೆ ಯಾವ ಕಾರಣವೂ ಇಲ್ಲದೆ ಸಿಟ್ಟಾಗುವ ಅಧಿಕಾರ ಅವನಿಗಿತ್ತು. ಕಾರಣ ಹುಡುಕಿ ಒದಗಿಸುವ ಹೊಣೆ ಉಳಿದವರದು. ಎರಡನೆಯ ಪಾಲು ಆಯಿಯದು, ಅಂದರೆ ದೊಡ್ಡಪ್ಪನನ್ನೂ ನಮ್ಮ ಅಪ್ಪನನ್ನೂ ಹೆತ್ತವಳದು. ಅವಳ ಸಿಟ್ಟಿಗೆ ದೇವರ ರುಜು ಇರುತ್ತಿದ್ದುದರಿಂದ ಅದರ ಮೇಲೆ ಅಪೀಲಿಗೆ ಅವಕಾಶವಿರಲಿಲ್ಲ. ಅಪ್ಪ ರೈಲಿನ ಸಂಗಡ ಊರೂರು ತಿರುಗುವವನು. ಅವನಿಗೆ ಸಿಟ್ಟು ಬಂದರೂ ಅದು ಮೀರಜಿನಲ್ಲೋ ಗುಂತಕಲ್ಲಿನಲ್ಲೋ ಬಂದು ಅಲ್ಲಿಯೇ ಇಳಿದುಹೋಗುತ್ತಿತ್ತು. ಭಾವನೆದುರು ಸೆರಗೆಳೆದುಕೊಂಡು ಬಾಗಿಲ ಮರೆಯಲ್ಲಿ ನಿಲ್ಲಬೇಕಾದ ಅವ್ವನಿಗೆ ಬಾಯಿಂದ ಸಿಟ್ಟು ಮಾಡುವ ಪರವಾನಗಿ ಇರಲಿಲ್ಲ. ಅವಳು ಪಾತ್ರೆಗಳ ಮೂಲಕ ಮಾಡುತ್ತಿದ್ದಳು. ಹಿತ್ತಾಳೆಯ ಕೊಡ ನೆಲಕ್ಕೆ ಮುಟ್ಟಿದ ಸದ್ದಿನಲ್ಲಿಯೇ ಅಂದಿನ ಮನೆಯ ಹವಾಮಾನ ನಮಗೆ ತಿಳಿಯುತ್ತಿತ್ತು. ನಾನು ಹೆಣ್ಣು, ಅದರಲ್ಲೂ ಸಣ್ಣವಳು. ನನಗೆ ಪಾಲೇ ಇರಲಿಲ್ಲ. ನನ್ನ ಪಾಲನ್ನು ನಾನು ಒಂದು ಬಾತುಕೋಳಿಯ ನಿಮಿತ್ತ ಕಸಿದುಕೊಂಡೆ. ಅಂದು ಕಸಿದುಕೊಂಡದ್ದು ಈ ವಯಸ್ಸಿನವರೆಗೂ ಸಾಕಾಗುವಷ್ಟಿದೆ.

ಹಳೇ ಹುಬ್ಬಳ್ಳಿಯ ಓಣಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಅದರ ಬೆನ್ನಿಗೆ ಅಡುಗೆಮನೆ, ಮಗ್ಗುಲಲ್ಲಿ ಬಚ್ಚಲು, ಬಚ್ಚಲ ನೀರು ಹರಿದುಹೋಗಿ ನಿಲ್ಲುವ ಹಿತ್ತಲು. ಪಡಸಾಲೆಯ ಜಂತಿಯಿಂದ ಹಗ್ಗದ ನೆಲುವುಗಳು ಇಳಿಬಿದ್ದಿದ್ದವು. ಅವುಗಳಲ್ಲಿ ಮೈಗೆ ಬೂದಿ ಬಳಿದುಕೊಂಡಂಥ ದೊಡ್ಡ ಕುಂಬಳಕಾಯಿಗಳು ಸನ್ಯಾಸಿಗಳ ಹಾಗೆ ಕೂತಿರುತ್ತಿದ್ದವು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ದೊಡ್ಡಪ್ಪ ಅವುಗಳಲ್ಲಿ ಒಂದನ್ನು ಇಳಿಸಿ, ಹೆಗಲ ಮೇಲಿಟ್ಟುಕೊಂಡು ಕಾರಖಾನೆಗೆ ಒಯ್ದು, ತನ್ನ ಯಂತ್ರದ ಮುಂದೆ ಒಡೆದು ಬರುತ್ತಿದ್ದ. ಉಳಿದ ದಿನಗಳಲ್ಲಿ ಅವು ನಮ್ಮ ತಲೆಯ ಮೇಲೆ ತೂಗುತ್ತಿದ್ದವು, ನಾವು ಕೆಳಗೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಅವುಗಳ ಕೆಳಗೇ ಕಂಬಕ್ಕೆ ತೂಗುಹಾಕಿದ ಕನ್ನಡಿ, ಕನ್ನಡಿಯ ಎದುರು ದೊಡ್ಡಪ್ಪ, ದೊಡ್ಡಪ್ಪನ ಮುಖದಲ್ಲಿ ಮೀಸೆ. ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ್ದರಿಂದ, ಅವನು ಮೀಸೆಯನ್ನೇ ಸಾಕಿಕೊಂಡಿದ್ದ. ಅದಕ್ಕೆ ಮುಂಜಾನೆ ಎಣ್ಣೆ, ಸಂಜೆ ಬಾಚಣಿಗೆ, ರವಿವಾರ ಎರಡೂ. ಅಜ್ಜ ಸತ್ತಾಗ ಪದ್ಧತಿಯಂತೆ ಒಮ್ಮೆ ಬೋಳಿಸಿದ್ದನಂತೆ. ಇನ್ನು ಅದಕ್ಕೆ ಕತ್ತಿ ತಾಗುವುದು ಆಯಿ ಕಣ್ಣು ಮುಚ್ಚಿದ ದಿನವೇ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದ್ದರಿಂದ ಆಯಿಯೂ ಆ ಮೀಸೆಯ ಕಡೆ ಒಂದು ಕಣ್ಣು ಇಟ್ಟಿರುತ್ತಿದ್ದಳು. ಅದು ದಪ್ಪಗಿದ್ದಷ್ಟೂ ಅವಳಿಗೆ ಧೈರ್ಯ.

ಆ ಕನ್ನಡಿಯೂ ನಮ್ಮ ಬಾತುಕೋಳಿಯೂ ಒಂದೇ ದಿನ ಮನೆಗೆ ಬಂದವು. ರೈಲ್ವೆ ಬಂಗಲೆಯ ಬಿಳಿ ಸಾಹೇಬನೊಬ್ಬ ಸ್ವದೇಶಕ್ಕೆ ಹೊರಟಾಗ ತನ್ನ ಸಾಮಾನುಗಳನ್ನು ಕೆಲಸದವರಿಗೆ ಹಂಚಿದ. ಅಣ್ಣನಾದ ದೊಡ್ಡಪ್ಪ ಮೊದಲು ಕೈ ಮುಂದೆ ಮಾಡಿದ್ದರಿಂದ ಅವನಿಗೆ ಕನ್ನಡಿ ಸಿಕ್ಕಿತು. ತಮ್ಮನಾದ ನಮ್ಮ ಅಪ್ಪ ಹಿಂದೆ ನಿಂತಿದ್ದರಿಂದ ಅವನಿಗೆ ಬಾತುಕೋಳಿ ಸಿಕ್ಕಿತು. ಬಿಳಿ ಮೈ, ಹಳದಿ ಕೊಕ್ಕು, ಬಂಗಲೆಯಲ್ಲಿ ಬೆಳೆದ ಗತ್ತು. ಓಣಿಯ ಹೆಂಗಸರು ಅವಳನ್ನು ಮೇಮಸಾಬ ಎಂದು ಕರೆದರು, ಅದೇ ಹೆಸರು ನಿಂತಿತು. ನಮ್ಮ ಕೋಳಿಗಳ ಸಂಗಡ ಅವಳು ಬೆರೆಯಲಿಲ್ಲ. ಹಿತ್ತಲಿನ ಬಚ್ಚಲ ನೀರಿನ ತಗ್ಗನ್ನು ತನ್ನ ಕೆರೆಯೆಂದು ಸ್ವೀಕರಿಸಿದಳು, ಮತ್ತು ನನ್ನನ್ನು ತನ್ನ ಆಳೆಂದು. ನಾನು ನೀರಿಗೆ ಹೋದರೆ ಹಿಂದೆ ಬರುವಳು. ಕಟ್ಟೆಯ ಮೇಲೆ ಕೂತರೆ ನಾನು ಉಟ್ಟ ಪರಕಾರದ ಅಂಚನ್ನು ಕೊಕ್ಕಿನಲ್ಲಿ ಹಿಡಿದು ಜಗ್ಗುವಳು. ಆ ಮನೆಯಲ್ಲಿ ನನ್ನನ್ನು ಕೆಲಸಕ್ಕಲ್ಲದೆ ಬೇರೆ ಯಾತಕ್ಕೂ ಕರೆದವರು ಅಪರೂಪ. ಮೇಮಸಾಬ ಕರೆಯುತ್ತಿದ್ದಳು.

ಒಂದು ವರ್ಷ ಬೇಸಿಗೆ ಇಳಿಯುವ ಹೊತ್ತಿಗೆ ಓಣಿಯ ಕೋಳಿಗಳಿಗೆ ಜಡ್ಡು ಬಂತು. ಮುಂಜಾನೆ ಕೂಗಿದ ಹುಂಜ ಸಂಜೆಗೆ ಕುತ್ತಿಗೆ ತಿರುವಿ ಕೂಡುತ್ತಿತ್ತು. ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ನಾವು ಹಿಂದೂಗಳು, ಮಾಂಸ ತಿನ್ನುವವರು; ಆದರೆ ಮುಲ್ಲಾ ಬಂದು ಮಂತ್ರ ಹೇಳಿ ಕೊಯ್ಯದ ಹೊರತು ನಮ್ಮ ಮನೆಯಲ್ಲಿ ಮಾಂಸ ಒಲೆ ಏರುತ್ತಿರಲಿಲ್ಲ. ದೇವಿಗೆ ಕೊಡುವ ಬಲಿಗೂ ಅವನ ಕೈಯೇ ಬೇಕು. ತಾನಾಗಿ ಸತ್ತದ್ದಂತೂ ಯಾರಿಗೂ ವರ್ಜ್ಯ. ಹೀಗಾಗಿ ಕೋಳಿಗೆ ಜಡ್ಡು ಬಂದರೆ ಅದಕ್ಕೆ ಔಷಧ ಹಾಕುವವರಿಲ್ಲ. ಸಾಯುವುದರೊಳಗೆ ಮುಲ್ಲಾನನ್ನು ಕರೆತರಲು ಓಡುವವರೇ ಎಲ್ಲರೂ. ನಮ್ಮ ಓಣಿಯ ಮುಲ್ಲಾ ಇಮಾಮಸಾಬ ವಯಸ್ಸಾದವನು. ಆ ದಿನಗಳಲ್ಲಿ ಅವನು ಹೆರಿಗೆಯ ಸೂಲಗಿತ್ತಿಯ ಹಾಗೆ ಮನೆಯಿಂದ ಮನೆಗೆ ಓಡಿದ. ಮನೆಮನೆಯಲ್ಲಿ ಮಸಾಲೆ ಅರೆಯುವ ಸದ್ದು. ಮದುವೆ ಮುಂಜಿಗೂ ಕೋಳಿ ಕಾಣದ ಜನ ಮೂರು ಹೊತ್ತೂ ತಿಂದು ತೇಗುತ್ತ, ಎಲೆ ಅಡಿಕೆ ಹಾಕಿಕೊಂಡು, "ಏನ್ ಕಷ್ಟ ಬಂತಪಾ ಓಣಿಗೆ" ಎಂದು ಕಟ್ಟೆಯ ಮೇಲೆ ಕೂತು ದುಃಖಿಸಿದರು. ಅಷ್ಟು ರುಚಿಯಾದ ಶೋಕವನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ.

ನಮ್ಮ ಕೋಳಿಗಳೂ ಒಂದೊಂದಾಗಿ ಆ ದಾರಿ ಹಿಡಿದವು. ಕೊನೆಗೆ ಒಂದು ಮುಂಜಾನೆ ಮೇಮಸಾಬ ತಗ್ಗಿಗೆ ಇಳಿಯಲಿಲ್ಲ. ಗೋಡೆಯ ಬುಡದಲ್ಲಿ ರೆಕ್ಕೆ ಜೋತುಬಿಟ್ಟು ಕೂತಿದ್ದಳು. ಒಂದು ಕಣ್ಣಿಗೆ ಪೊರೆ ಬಂದಂತಿತ್ತು. ಕರೆದರೆ ಕುತ್ತಿಗೆ ಎತ್ತಲು ನೋಡಿ, ಆಗದೆ, ಕೊಕ್ಕನ್ನು ನೆಲಕ್ಕೆ ಊರಿದಳು. ನಾನು ಅವಳನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುವುದಕ್ಕೂ ದೊಡ್ಡಪ್ಪ ಹಲ್ಲುಕಡ್ಡಿ ಜಗಿಯುತ್ತ ಹಿತ್ತಲಿಗೆ ಬರುವುದಕ್ಕೂ ಸರಿಹೋಯಿತು. ಅವನು ಅವಳನ್ನು ಒಮ್ಮೆ ನೋಡಿದ. ವೈದ್ಯ ರೋಗಿಯನ್ನು ನೋಡುವಂತಲ್ಲ. ಅಡುಗೆಯವ ಪಾತ್ರೆಯೊಳಗೆ ನೋಡುವಂತೆ.

"ಇದಕ್ಕೂ ಹತ್ತಿತಲ್ಲ! ಇಮಾಮಸಾಬಗ ಹೇಳಿ ಕಳಸ್ರಿ. ಲಗೂನ ಬಾ ಅನ್ರಿ. ದೊಡ್ಡ ಜೀವಾ ಐತಿ, ಹೊತ್ತಾದ್ರ ವ್ಯರ್ಥ ಹೊಕ್ಕೈತಿ."

"ಆಕಿ ಸತ್ತಿಲ್ಲ ದೊಡ್ಡಪ್ಪಾ!"

"ಅದಕ್ಕ ಅಲ್ಲೇನ ಲಗೂ ಮಾಡ್ರಿ ಅನ್ನೂದು? ಸತ್ತ ಮ್ಯಾಲ ಯಾರು ತಿಂತಾರ, ನಿಮ್ಮಪ್ಪ ತಿಂತಾನೇನು?"

ಇಮಾಮಸಾಬ ಬಂದ. ನಾನು ಮೇಮಸಾಬಳನ್ನು ಎದೆಗೆ ಅವಚಿಕೊಂಡು ಬಚ್ಚಲ ಮೂಲೆಗೆ ಸೇರಿದೆ. ಅವನು ಹೊಸ್ತಿಲ ಹೊರಗೆ ಕೂತು ಬೀಡಿ ಹಚ್ಚಿ ಹೇಳಿದ:

"ಹುಡುಗಿ ಕೈಯಾಗಿಂದು ನಾ ಕಸಗೊಳ್ಳಾಂವ ಅಲ್ರಿ. ತಂದು ಕೊಟ್ರ ಕೊಯ್ತೇನಿ, ಇಲ್ಲಾಂದ್ರ ಆಚಿ ಮನ್ಯಾಗ ಎರಡು ಕಾಯಾಕತ್ತಾವು, ಹೊಕ್ಕೇನಿ."

ದೊಡ್ಡಪ್ಪ ನನ್ನ ರಟ್ಟೆ ಹಿಡಿದು ಎಳೆದ. ನಾನು ಕೂಗಿದ ಕೂಗಿಗೆ ಅಡುಗೆಮನೆಯಲ್ಲಿ ಒಂದು ಚರಿಗೆ ಬಿತ್ತು. ಅವ್ವ ಬೀಳಿಸಿದಳೆಂದು ಬೇರೆ ಹೇಳಬೇಕಿಲ್ಲ. ಆಗ ಆಯಿ ನಡುವೆ ಬಂದಳು. ಅವಳು ನನ್ನ ಕಡೆ ನಿಂತದ್ದು ಅದೇ ಮೊದಲು, ಆದ್ದರಿಂದ ನಾನು ಸಂಶಯ ಪಡಬೇಕಿತ್ತು, ಪಡಲಿಲ್ಲ. ಮೇಮಸಾಬಳ ತಲೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಎಲ್ಲರೂ ಕೇಳುವಂತೆ ಹೇಳಿದಳು:

"ತಾಯಿ ದ್ಯಾಮವ್ವಾ, ಓಣ್ಯಾನ ಕೋಳಿಯೆಲ್ಲಾ ಒಯ್ದಿ. ಈ ಹುಡುಗಿ ಬಾತುಕೋಳಿ ಒಂದು ಉಳಸು. ಇದು ಎದ್ದು ಅಡ್ಡಾಡಿತು ಅಂದ್ರ ನಮ್ಮ ಮನೀದೊಂದು ಜೀವಾ ನಿನಗ ಕೊಡ್ತೇನಿ."

ಹರಕೆ ಹೊತ್ತ ಮೇಲೆ ಕತ್ತಿ ತಾಗಿಸುವಂತಿಲ್ಲ. ದೊಡ್ಡಪ್ಪ ಮೀಸೆ ತೀಡಿಕೊಂಡು ಒಳಗೆ ಹೋದ. ಇಮಾಮಸಾಬ ಕತ್ತಿ ಸುತ್ತಿಕೊಂಡು ಆಚೆ ಮನೆಗೆ ಹೋದ. ನಾನು ಆಯಿಯ ಕಾಲು ಹಿಡಿದುಕೊಂಡೆ. ಆ ಕಾಲನ್ನು ನೆನೆಸಿದರೆ ಈಗಲೂ ನನ್ನ ಕೈ ಉರಿಯುತ್ತದೆ.

ಮುಂದಿನದು ಆರೈಕೆ. ಅಡುಗೆಮನೆಯ ಒಲೆಯ ಮಗ್ಗುಲಿಗೆ ಗೋಣಿತಟ್ಟು ಹಾಸಿ, ಮೇಲೊಂದು ಬುಟ್ಟಿ ಬೋರಲು ಹಾಕಿ ಅವಳಿಗೆ ಕೋಣೆ ಮಾಡಿಕೊಟ್ಟೆ. ಬೆಳ್ಳುಳ್ಳಿ, ಅಜವಾನ, ಅರಿಷಿಣ ಅರೆದು ಮಜ್ಜಿಗೆಯಲ್ಲಿ ಕದಡುವುದನ್ನು ಆಯಿ ತೋರಿಸಿದಳು. ಕೊಕ್ಕು ಬಿಡಿಸುವುದು ಕಷ್ಟ. ಬಾತುಕೋಳಿಯ ಕೊಕ್ಕು ಅದರ ಆತ್ಮಗೌರವದಂತೆ, ಹೊರಗಿನವರಿಗೆ ತೆರೆಯುವುದಿಲ್ಲ. ಬಟ್ಟೆಯ ತುದಿಯನ್ನು ಮಜ್ಜಿಗೆಯಲ್ಲಿ ಅದ್ದಿ ಕೊಕ್ಕಿನ ಸಂದಿಯಲ್ಲಿ ಹಿಂಡಿದರೆ ಒಂದಿಷ್ಟು ಒಳಗೆ, ಉಳಿದದ್ದೆಲ್ಲ ನನ್ನ ಮುಖದ ಮೇಲೆ. ಜೋಳದ ನುಚ್ಚನ್ನು ಗಂಜಿಯಂತೆ ಬೇಯಿಸಿ, ಬೆರಳ ಮೇಲೆ ಇಟ್ಟು ನಾಲಿಗೆಗೆ ಸವರಿದೆ. ಹಸಿರು ಭೇದಿ ಆಗುತ್ತಿತ್ತು. ಅದನ್ನು ಬಳಿದು ಬೂದಿ ಹಾಕಿದೆ. ಅವ್ವ ಒಲೆಯ ಕೆಂಡವನ್ನು ಬುಟ್ಟಿಯ ಕಡೆ ಸರಿಸಿಡುತ್ತಿದ್ದಳು, ಮತ್ತು ನನ್ನ ಪಾಲಿನ ಪಾತ್ರೆ ತೊಳೆಯುವ ಕೆಲಸವನ್ನು ಯಾರಿಗೂ ತಿಳಿಯದಂತೆ ತಾನೇ ಮುಗಿಸುತ್ತಿದ್ದಳು. ದೊಡ್ಡಪ್ಪನ ಮಜ್ಜಿಗೆ ಆ ದಿನಗಳಲ್ಲಿ ಬಹಳ ತೆಳ್ಳಗಾಯಿತು. ಅವನು ಕೇಳಿದರೆ ಮನೆಯ ಎಮ್ಮೆಯ ಮೇಲೆ ತಪ್ಪು ಹೊರಿಸುತ್ತಿದ್ದಳು.

ಔಷಧಕ್ಕಿಂತ ಕಷ್ಟವಾದದ್ದು ಕ್ಷೇಮ ವಿಚಾರಿಸಲು ಬರುವವರನ್ನು ಸಾಗಹಾಕುವುದು. ಅವರು ದಿನವೂ ಬಂದರು. ಮನುಷ್ಯರು ಮಲಗಿದ್ದಾಗ ಹಣಿಕಿ ಹಾಕದವರೂ ಬಂದು ಬುಟ್ಟಿ ಎತ್ತಿ ನೋಡಿದರು.

"ಹ್ಯಾಂಗೈತಿ ಮೇಮಸಾಬಂದು?"

"ಆರಾಮ ಐತಿ."

"ಎಲ್ಲಿ ಆರಾಮ! ಕಣ್ಣು ಮುಚ್ಚೈತಲ್ಲ. ಎದಿ ಮ್ಯಾಲಿಂದು ಇಳದುಹೋದ್ರ ಏನ್ ಉಳೀತವಾ, ಬರೇ ಎಲುಬು."

ಇದು ಎದುರುಮನೆಯ ಒಬ್ಬಾಕೆ, ಮೇಮಸಾಬಳ ಎದೆಯನ್ನು ಬೆರಳಿನಿಂದ ಒತ್ತಿ ನೋಡಿ ಹೇಳಿದ ಮಾತು. ಆ ಬೆರಳನ್ನು ನಾನು ಕಚ್ಚಿದೆ. ಅವಳು ಬೊಬ್ಬಿಟ್ಟಳು, ಅವ್ವನಿಂದ ನನಗೆ ಏಟು ಬಿತ್ತು. ಅವ್ವನ ಏಟಿಗೆ ಸದ್ದು ಹೆಚ್ಚು, ನೋವು ಕಡಿಮೆ. ಹೊಡೆದದ್ದು ಓಣಿಗೆ ಕೇಳಬೇಕು ಅಷ್ಟೆ. ಅಂದಿನಿಂದ ಬುಟ್ಟಿಯ ಮೇಲೆ ಒಂದು ಬೀಸುವ ಕಲ್ಲಿನ ಹೋಳು ಇಟ್ಟು, ಅದರ ಪಕ್ಕ ನಾನೇ ಕಾವಲು ಕೂತೆ. ಸಾಲಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಯಾರೂ ಕೇಳಲಿಲ್ಲ. ಹೆಣ್ಣುಮಕ್ಕಳ ವಿದ್ಯೆಯ ವಿಷಯದಲ್ಲಿ ನಮ್ಮ ಮನೆಯವರು ಅಷ್ಟು ಉದಾರಿಗಳು.

ಮೇಮಸಾಬ ಎದ್ದಳು. ಒಮ್ಮೆಲೇ ಏನಲ್ಲ. ಮೊದಲು ಕಣ್ಣಿನ ಪೊರೆ ಹರಿಯಿತು, ಆಮೇಲೆ ನನ್ನ ಬೆರಳನ್ನು ನುಚ್ಚಿನ ಸಂಗಡ ಕಚ್ಚಿದಳು, ಆಮೇಲೆ ಬುಟ್ಟಿಯೊಳಗಿನಿಂದ ಬೈಗುಳದಂಥ ಸದ್ದುಗಳು ಬಂದವು. ಕೊನೆಗೊಂದು ಮುಂಜಾನೆ ಬಚ್ಚಲಿನಿಂದ ದೊಡ್ಡಪ್ಪನ ಗರ್ಜನೆ ಕೇಳಿ ಓಡಿದರೆ, ಅವನ ಸ್ನಾನಕ್ಕೆ ತೋಡಿಟ್ಟ ಅಗಲ ಬೋಗಾಣಿಯಲ್ಲಿ, ಬುಟ್ಟಿ ಉರುಳಿಸಿ ಹೊರಬಿದ್ದ ಮೇಮಸಾಬ ತೇಲುತ್ತಿದ್ದಳು. ರೆಕ್ಕೆ ಬಡಿದು ಅರ್ಧ ನೀರು ಚೆಲ್ಲಿದ್ದಳು. ದೊಡ್ಡಪ್ಪ ಪಂಚೆ ಸುತ್ತಿಕೊಂಡು ಮೂಲೆಯಲ್ಲಿ ನಿಂತು ತೊಯ್ದಿದ್ದ. ನಾನು ನಕ್ಕೆ. ಅವ್ವನೂ ಸೆರಗಿನೊಳಗೆ ನಕ್ಕಳು. ಅವಳ ಭುಜ ಅಲುಗಿದ್ದನ್ನು ನಾನು ಕಂಡೆ. ಆ ಮನೆಯಲ್ಲಿ ನಾವಿಬ್ಬರೂ ಕೂಡಿ ನಕ್ಕದ್ದು ನನ್ನ ನೆನಪಿನಲ್ಲಿ ಅದೊಂದೇ.

ನಗು ಒಲೆ ಹೊತ್ತಿಸುವಷ್ಟು ಹೊತ್ತೂ ಬಾಳಲಿಲ್ಲ. ಆಯಿ ಬಚ್ಚಲ ಬಾಗಿಲಿಗೆ ಬಂದು, ನೀರಿನಲ್ಲಿದ್ದ ಮೇಮಸಾಬಳನ್ನು ನೋಡಿ, ಕೈ ಮುಗಿದು, ಶಾಂತವಾಗಿ ಹೇಳಿದಳು:

"ಎದ್ದು ಅಡ್ಡಾಡಾಕತ್ತೈತಿ. ತಾಯಿ ಮಾತು ನಡಸ್ಯಾಳ. ಬರೂ ಮಂಗಳವಾರ ನಾವೂ ನಡಸೂಣು."

"ಏನ್ ನಡಸೂದು ಆಯೀ?"

"ಹರಕಿ. ಮನೀದೊಂದು ಜೀವಾ ಕೊಡ್ತೇನಿ ಅಂದಿದ್ನೆಲ್ಲ."

ಮನೆಯ ಜೀವಗಳನ್ನು ನಾನು ಮನಸ್ಸಿನಲ್ಲಿಯೇ ಹುಡುಕಿದೆ. ಕೋಳಿಗಳೆಲ್ಲ ನಮ್ಮ ಹೊಟ್ಟೆ ಸೇರಿದ್ದವು. ಎಮ್ಮೆಯನ್ನು ಕೊಡುವ ಮಾತೇ ಇಲ್ಲ. ಓಣಿಯಲ್ಲಿ ಉಳಿದ ರೆಕ್ಕೆಯ ಪ್ರಾಣಿಗಳೆಂದರೆ ಕಾಗೆ, ಗುಬ್ಬಿ ಮತ್ತು ಮೇಮಸಾಬ.

"ಆಕಿ ಉಳೀಲಿ ಅಂತ ಹರಕಿ ಹೊತ್ತಿ. ಉಳದಾಕೀನ್ನ ಕೊಯ್ದ್ರ ಉಳಿಸಿದ್ದು ಯಾಕ?"

"ಹಂಗೆಲ್ಲಾ ದೇವ್ರಿಗೆ ತಿರುಗಿ ಕೇಳಬಾರದವಾ. ಮಾತು ಅಂದ್ರ ಮಾತು."

"ಸಂತ್ಯಾಗ ಒಂದು ಕೋಳಿ ತರೂಣು. ಅದನ್ನ ಕೊಡು."

ಇದಕ್ಕೆ ಉತ್ತರ ಕೊಟ್ಟವನು ದೊಡ್ಡಪ್ಪ. ಮೈ ಒರೆಸಿಕೊಂಡು, ಕನ್ನಡಿಯ ಮುಂದೆ ನಿಂತು, ಮೀಸೆಗೆ ಎಣ್ಣೆ ಹಚ್ಚುತ್ತ, ಧರ್ಮಾಧಿಕಾರಿಯ ಧ್ವನಿಯಲ್ಲಿ ಹೇಳಿದ:

"ಹೊರಗಿಂದು ನಡ್ಯಾಂಗಿಲ್ಲ. ಮನೀದು ಅಂದ್ರ ಮನೀದ ಆಗಬೇಕು. ದೇವ್ರ ಮುಂದ ಆಡಿದ ಮಾತಿನಾಗ ಕೂದಲೆಳಿಯಷ್ಟೂ ಹೆಚ್ಚುಕಡಿಮಿ ಮಾಡಬಾರದು. ಸಣ್ಣವರು ಆಡಿರಲಿ, ದೊಡ್ಡವರು ಆಡಿರಲಿ, ಮಾತು ಅಂದ್ರ ಮಾತು."

ನನ್ನ ಸಿಟ್ಟು ಹುಟ್ಟಿದ ಗಳಿಗೆ ಇದು. ಜಡ್ಡಿನಲ್ಲಿ ಕೊಯ್ಯುತ್ತೇವೆ ಅಂದಾಗ ನನಗೆ ಹೆದರಿಕೆ ಇತ್ತು, ಹೆದರಿಕೆ ಬೇರೆ. ಬೆಳ್ಳುಳ್ಳಿ ಅರೆದದ್ದು, ಭೇದಿ ಬಳಿದದ್ದು, ಕಾವಲು ಕೂತದ್ದು, ಎಲ್ಲವೂ ಅವಳನ್ನು ಕೊಯ್ಯಲು ಯೋಗ್ಯಳನ್ನಾಗಿ ಮಾಡುವುದಕ್ಕೆ ಆಯಿತಲ್ಲ! ಕಾಯಿಲೆಯವಳನ್ನು ಕೊಲ್ಲಬಾರದೆಂದು ನಾನು ಹಟ ಹಿಡಿದೆ. ಸರಿ, ಹಾಗಾದರೆ ಗುಣವಾದ ಮೇಲೆ ಕೊಲ್ಲೋಣ ಎಂದು ದೊಡ್ಡವರು ಒಪ್ಪಿದಂತಾಯಿತು. ಅದೂ ನನ್ನ ಮೇಲಿನ ಅಂತಃಕರಣದಿಂದ, ದೇವರ ಸಾಕ್ಷಿಯಾಗಿ. ನಾನು ಅತ್ತೆನೆಂದು ಅವ್ವ ಹೇಳುತ್ತಿದ್ದಳು. ಇರಬಹುದು. ನನಗೆ ನೆನಪಿರುವುದು ಪಡಸಾಲೆಯಲ್ಲಿ ಕೂತು ಹಲ್ಲು ಕಚ್ಚಿದ್ದು ಮಾತ್ರ.

ಇಮಾಮಸಾಬನ ಮನೆಗೆ ಓಡಿದೆ. ಅವನು ಕಟ್ಟೆಯ ಮೇಲೆ ಕೂತು ಮೊಮ್ಮಗನ ತಲೆಯಲ್ಲಿ ಹೇನು ನೋಡುತ್ತಿದ್ದ.

"ಚಾಚಾ, ಮಂಗಳವಾರ ನಮ್ಮ ಮನಿಗೆ ಬರಬ್ಯಾಡ್ರಿ."

"ಯಾಕವಾ ಬೇಟಿ?"

ಹೇಳಿದೆ. ಅವನು ಕೈಗೆ ಸಿಕ್ಕ ಹೇನನ್ನು ಉಗುರಿನ ಮೇಲೆ ಕುಕ್ಕಿದ.

"ಜಡ್ಡಾದಾಗ ಕರಸಿ ಬ್ಯಾಡ ಅಂದ್ರು. ಆರಾಮ ಆದ ಮ್ಯಾಲ ಬಾ ಅಂತಾರ. ನಿಮ್ಮ ಮನ್ಯಾಗ ಎಲ್ಲಾ ತಿರುವುಮುರುವು ಐತೆವಾ. ಆದ್ರ ನಾ ಬರಲಿಲ್ಲಾಂದ್ರ ಕೆಳಗಿನ ಓಣಿ ಮುಲ್ಲಾ ಬರ್ತಾನ. ಅವನ ಕತ್ತಿ ಮೊಂಡ. ನಾನ ಬಂದ್ರ ಚಲೋ ಅಲ್ಲೇನ?"

ಉಪಕಾರದ ಈ ಬಗೆಯನ್ನೂ ನಾನು ಅಂದೇ ಕಲಿತೆ.

ಮಂಗಳವಾರ ಬಂತು. ಕೊಯ್ಯುವ ಮೊದಲು ಬಲಿಯನ್ನು ದ್ಯಾಮವ್ವನ ಗುಡಿಗೆ ಒಯ್ದು ಅಪ್ಪಣೆ ಕೇಳಬೇಕು. ಅಪ್ಪಣೆ ಕೇಳುವ ರೀತಿ ಹೀಗೆ: ಪ್ರಾಣಿಯ ಮೈಮೇಲೆ ತಣ್ಣೀರು ಹೊಯ್ಯುತ್ತಾರೆ. ಅದು ಮೈ ಕೊಡವಿ ಝಾಡಿಸಿದರೆ ದೇವಿ ಒಪ್ಪಿದಳೆಂದು ಅರ್ಥ. ಸುಮ್ಮನೆ ನಿಂತರೆ ಒಲ್ಲೆನೆಂದಳು. ಕುರಿಗಳು ಕೆಲವೊಮ್ಮೆ ಗಂಟೆಗಟ್ಟಲೆ ಸುಮ್ಮನೆ ನಿಂತು ಜನರನ್ನು ಬೆವರಿಸಿದ್ದುಂಟು. ಈ ಒಂದು ಆಸೆಯಿಂದ ನಾನೇ ಮೇಮಸಾಬಳನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೆ. ದಾರಿಯುದ್ದಕ್ಕೂ ಅವಳ ಕಿವಿಯಿರುವ ಜಾಗದಲ್ಲಿ, "ಅಲಗಬ್ಯಾಡ, ಸುಮ್ಮನ ನಿಂದರು" ಎಂದು ಹೇಳಿದೆ. ಮುಂದೆ ದೊಡ್ಡಪ್ಪ, ತಲೆಗೆ ರುಮಾಲು, ಮೀಸೆಗೆ ಹೊಸ ತಿರುವು. ಹಿಂದೆ ಆಯಿ, ತಂಬಿಗೆಯಲ್ಲಿ ನೀರು. ಅವಳ ಹಿಂದೆ ಓಣಿಯ ಹೆಂಗಸರು. ಕಚ್ಚಿಸಿಕೊಂಡ ಬೆರಳಿನಾಕೆಯೂ ಇದ್ದಳು.

ಗುಡಿಯ ಮುಂದೆ ಇಳಿಸಿದೆ. ಅರಿಷಿಣ ಕುಂಕುಮ ಹಚ್ಚಿದರು. ಆಯಿ ತಂಬಿಗೆ ಎತ್ತಿ ನೀರು ಹೊಯ್ದಳು. ಈಗ ಸ್ವಲ್ಪ ವಿಚಾರ ಮಾಡಿ ನೋಡಬೇಕು. ಬಾತುಕೋಳಿಯ ಮೇಲೆ ನೀರು ಬಿದ್ದರೆ ಅದು ಮೈ ಝಾಡಿಸದೆ ಇನ್ನೇನು ಸಂಧ್ಯಾವಂದನೆ ಮಾಡೀತೆ? ಮೇಮಸಾಬಳಿಗೆ ಪರಮಾನಂದವಾಯಿತು. ಕುತ್ತಿಗೆ ಚಾಚಿದಳು, ರೆಕ್ಕೆ ಬಿಚ್ಚಿದಳು, ಕೊಕ್ಕಿನಿಂದ ಬಾಲದವರೆಗೆ ಮೈಯನ್ನು ಝಾಡಿಸಿದ ರಭಸಕ್ಕೆ ದೇವಿಯ ಪಾದುಕೆಯೂ ತೊಯ್ದಿತು. ಇನ್ನಷ್ಟು ಹಾಕಿರೆಂದು ಕೂಗಿದಳು ಬೇರೆ.

"ಅಪ್ಪಣಿ ಆತು! ಒಂದ ಸಲಕ್ಕ ಆತು ನೋಡ್ರಿ!" ದೊಡ್ಡಪ್ಪ ಕೈಯೆತ್ತಿ ಮುಗಿದ. ಹೆಂಗಸರು ಗಲ್ಲ ಬಡಿದುಕೊಂಡರು. ಇಷ್ಟು ಸಂತೋಷದಿಂದ ಒಪ್ಪಿದ ಬಲಿಯನ್ನು ತಾವು ಕಂಡೇ ಇಲ್ಲವೆಂದು ಒಬ್ಬಾಕೆ ಕಣ್ಣೊರೆಸಿಕೊಂಡಳು.

ನನ್ನೊಳಗೆ ಏನೋ ಹರಿಯಿತು. ಆಯಿಯ ಕೈಯಲ್ಲಿದ್ದ ತಂಬಿಗೆಯನ್ನು ಕಸಿದುಕೊಂಡೆ. ಇನ್ನೂ ಅರ್ಧ ನೀರಿತ್ತು. ದೇವಿಯ ಕಡೆ ತಿರುಗಿ, ಗುಡಿಯ ಗಂಟೆ ಕಟ್ಟಿದ ತೊಲೆಗೂ ಕೇಳುವಂತೆ ಕೂಗಿದೆ:

"ದ್ಯಾಮವ್ವಾ, ಕೇಳು! ನಂದಲ್ಲದ್ದನ್ನ ನಾನೂ ಹರಕಿ ಹೊರತೇನಿ! ಮೇಮಸಾಬಗ ಕತ್ತಿ ಹತ್ತಿತು ಅಂದ್ರ ನಮ್ಮ ದೊಡ್ಡಪ್ಪನ ಮೀಸಿ ನಿಂದು! ಇಂದ ಬೋಳಿಸಿ ನಿನ್ನ ಪಾದಕ್ಕ ಹಾಕಬೇಕು!"

ಹೇಳಿದವಳೇ ತಂಬಿಗೆಯ ನೀರನ್ನು ದೊಡ್ಡಪ್ಪನ ಮುಖಕ್ಕೆ ಎರಚಿದೆ. ಮೂಗು, ಬಾಯಿ, ಮೀಸೆ ಎಲ್ಲ ತೊಯ್ದವು. ಮುಖಕ್ಕೆ ತಣ್ಣೀರು ಬಿದ್ದ ಮನುಷ್ಯ ಏನು ಮಾಡುತ್ತಾನೆ? ಕಾರಖಾನೆಯ ಮಿಸ್ತ್ರಿಯಾದರೂ ಅಷ್ಟೆ, ಬಾತುಕೋಳಿಯಾದರೂ ಅಷ್ಟೆ. ದೊಡ್ಡಪ್ಪ ಹುಬ್ಬಿನಿಂದ ಹೊಟ್ಟೆಯವರೆಗೆ ಬುರ್ರೆಂದು ಮೈ ಝಾಡಿಸಿದ.

ಬೆರಳು ಕಚ್ಚಿಸಿಕೊಂಡಾಕೆ ಮೊದಲು ಬಾಯಿ ಬಿಟ್ಟಳು. ಅವಳ ಎಲ್ಲ ಪಾಪಗಳನ್ನೂ ನಾನು ಆ ಕ್ಷಣಕ್ಕೆ ಕ್ಷಮಿಸಿದ್ದೇನೆ:

"ಯವ್ವಾ... ಇದಕ್ಕೂ ಅಪ್ಪಣಿ ಆತಲ್ರಿ!"

"ಹುಚ್ಚಖೋಡಿ!" ದೊಡ್ಡಪ್ಪ ನನ್ನ ಕಪಾಳಕ್ಕೆ ಬಾರಿಸಿದ. "ಸಣ್ಣ ಹುಡುಗಿ ಮಾತು ಯಾವ ಲೆಕ್ಕ!"

"ಸಣ್ಣವರು ದೊಡ್ಡವರು ಅಂತಿಲ್ಲ, ಮಾತು ಅಂದ್ರ ಮಾತು ಅಂತ ನೀನ ಅಂದಿ!" ಎಂದೆ. ತುಟಿ ಒಡೆದಿತ್ತು. ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡಿದರು. ದ್ಯಾಮವ್ವನ ಎದುರು ಆಡಿದ್ದು, ದ್ಯಾಮವ್ವ ಒಪ್ಪಿದ್ದು, ಅಷ್ಟು ಜನ ಕಣ್ಣಾರೆ ಕಂಡದ್ದು.

ಆದರೆ ನಾನು ನೋಡುತ್ತಿದ್ದುದು ಆಯಿಯ ಮುಖವನ್ನು. ಅದು ಹಿಟ್ಟಿನಂತೆ ಬೆಳ್ಳಗಾಗಿತ್ತು. ಮಗನ ಮೀಸೆ ಬೋಳಿಸುವುದು ಯಾವಾಗ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 'ಯಾರು ಹೋದ್ರು?' ಎಂದು ಸಂಜೆಯ ಹೊತ್ತಿಗೆ ಓಣಿಯವರೆಲ್ಲ ಬಾಗಿಲಿಗೆ ಬರುತ್ತಾರೆ. ಒಳಗೆ ತಾನು ಕೂತಿರುತ್ತಾಳೆ. ತನ್ನದಲ್ಲದ ಜೀವವನ್ನು ಅಷ್ಟು ಶಾಂತವಾಗಿ ಬರೆದುಕೊಟ್ಟ ಮುದುಕಿ ತನ್ನ ಜೀವದ ಮಾತು ಬಂದಾಗ ಗುಡಿಯ ಕಟ್ಟೆ ಹಿಡಿದುಕೊಂಡು ಕೂತಳು.

"ಏನ್ ಮಾಡಿದೆವಾ... ನಾ ಇರೂದ್ರೊಳಗ ನನ್ನ ಮಗನ ಮೀಸಿ..."

ಆಗ ದೊಡ್ಡಪ್ಪ ಹೇಳಿದ ಮಾತು. ಅದನ್ನು ಹೇಳಲು ಅವನು ತಡವರಿಸಲಿಲ್ಲ, ವಿಚಾರ ಮಾಡಲಿಲ್ಲ, ಮುಖ ಒರೆಸಿಕೊಳ್ಳುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ.

"ಯವ್ವಾ, ಅದಕ್ಯಾಕ ಹೆದರ್ತಿ? ಜೀವಕ್ಕ ಬದಲಿ ಕುಂಬಳಕಾಯಿ ನಡೀತೈತೆಲ್ಲ. ಖಂಡೇಪೂಜಾಕ್ಕ ಒಡ್ಯಾಂಗಿಲ್ಲೇನು? ಕುಂಬಳಕಾಯಿ ಕೊಟ್ರ ಹರಕಿ ತೀರಿತು. ಕತ್ತಿ ಬಾತುಕೋಳಿಗೆ ಹತ್ತೂದಿಲ್ಲ, ಮೀಸಿಗೂ ಹತ್ತೂದಿಲ್ಲ."

"ಹೌದಲ್ಲ," ಎಂದಳು ಆಯಿ. ಬಣ್ಣ ಮರಳಿ ಬಂತು. "ನನಗೂ ಮೊದ್ಲ ಅದ ಹೊಳದಿತ್ತು."

ಮೊದಲೇ ಹೊಳೆದಿತ್ತು! ಈ ಮಾತನ್ನು ನಾನು ಇಷ್ಟು ವರ್ಷ ಅಗಿದಿದ್ದೇನೆ, ಇನ್ನೂ ನುಂಗಿಲ್ಲ. ನೆಲುವಿನಲ್ಲಿ ಅದು ಇತ್ತು. ನಾನು ಹಲ್ಲು ಕಚ್ಚಿ ಕೂತಾಗ ನನ್ನ ತಲೆಯ ಮೇಲೆಯೇ ತೂಗುತ್ತಿತ್ತು. ಇಬ್ಬರಿಗೂ ಗೊತ್ತಿತ್ತು. ಕಬ್ಬಿಣದ ಯಂತ್ರಕ್ಕೆ ಕುಂಬಳಕಾಯಿ ಸಾಕಾಗುತ್ತಿತ್ತು, ದ್ಯಾಮವ್ವನಿಗೂ ಸಾಕಾಗುತ್ತಿತ್ತು. ಸಾಕಾಗದೆ ಇದ್ದದ್ದು ಇವರ ನಾಲಿಗೆಗೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಮಾಡಬಾರದ ಧರ್ಮದಲ್ಲಿ ಒಂದು ಬಾಗಿಲು ಇತ್ತು, ಮತ್ತು ಅದು ಕೂದಲಿನ ಸಲುವಾಗಿಯೇ ತೆರೆಯಿತು. ಮುಂದೆ ಬಾಳಿನಲ್ಲಿ ಎಷ್ಟೋ ಜನ ದೊಡ್ಡವರು, "ಶಾಸ್ತ್ರದಾಗ ಅವಕಾಶ ಇಲ್ಲ," "ಕಾಯಿದೇದಾಗ ಬರೂದಿಲ್ಲ" ಎಂದು ನನಗೆ ಹೇಳಿದ್ದಾರೆ. ಪ್ರತಿಸಲವೂ ನಾನು ಮೊದಲು ಅವರ ತಲೆಯ ಮೇಲೆ ಏನು ತೂಗುತ್ತಿದೆ ಎಂದು ನೋಡಿದ್ದೇನೆ. ಆಮೇಲೆ ಅವರಿಗೆ ಮೀಸೆ ಇದೆಯೇ ಎಂದು.

ಮನೆಯ ಕಟ್ಟೆಯ ಮೇಲೆ ಇಮಾಮಸಾಬ ಕತ್ತಿ ಮಸೆದು ಕಾಯುತ್ತಿದ್ದ. ಒಳಗಿನಿಂದ ಬೂದುಗುಂಬಳ ಬಂದದ್ದನ್ನು ನೋಡಿ ಅವನ ಗಡ್ಡ ಅಲುಗಿತು.

"ಇಷ್ಟು ವರ್ಷಕ್ಕ ಕುಂಬಳಕಾಯಿ ಕೊಯ್ಯಾಕ ಕರಿಸಿದ್ರೇನ್ರಿ? ಇದು ಒದ್ದಾಡೂದಿಲ್ಲ ಬಿಡ್ರಿ, ಚಲೋ ಆತು."

ಆಯಿ ಕುಂಕುಮ ತುಂಬಿ ಒಡೆಸಿದಳು. ಅರ್ಧ ಹೋಳನ್ನು ಇಮಾಮಸಾಬ ತನ್ನ ಪಾಲೆಂದು ಹೆಗಲಿಗೇರಿಸಿ, ಹೋಗುವಾಗ ನನ್ನ ಕಡೆ ನೋಡಿ ಒಂದು ಕಣ್ಣು ಮುಚ್ಚಿ ತೆರೆದ. ನನಗೆ ನಗು ಬರಲಿಲ್ಲ. ಅವ್ವ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಗೋಡೆಗೆ ಒರಳುಗುಂಡಿನಿಂದ ಬಡಿಯುತ್ತ, "ಭಾಳ ಶಾಣ್ಯಾಕಿ ಆಗೀಯೇನ, ದೊಡ್ಡವರಿಗೆ ಎದುರಾಡ್ತಿಯೇನ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಗೋಡೆಗೆ ಬಹಳ ಪೆಟ್ಟು ಬಿತ್ತು. ಆಮೇಲೆ ಸೆರಗಿನ ತುದಿಯಿಂದ ನನ್ನ ತುಟಿಯ ರಕ್ತ ಒರೆಸಿದಳು.

ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ಊಟಕ್ಕೆ ಕೂತರು. ಬಿಸಿ ರೊಟ್ಟಿ, ಕುಂಬಳಕಾಯಿಯ ಪಲ್ಯ. ದೇವಿಯ ಪ್ರಸಾದ. ದೊಡ್ಡಪ್ಪ ಮೀಸೆಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು ಒಳ್ಳೆಯ ಹಸಿವಿನಿಂದ ತಿಂದ. "ಹುಡುಗೀಗೂ ನೀಡ್ರಿ, ಆತು ಹೋತು" ಎಂದು ಔದಾರ್ಯವನ್ನೂ ತೋರಿಸಿದ. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ತಿನ್ನಲಿಲ್ಲ. ಇಂದಿಗೂ ಕುಂಬಳಕಾಯಿ ತಿನ್ನುವುದಿಲ್ಲ. ನನಗೆ ವಾಯುವಿನ ತೊಂದರೆಯೆಂದು ಸೊಸೆ ತಿಳಿದಿದ್ದಾಳೆ, ನಾನೂ ತಿದ್ದಿಲ್ಲ. ತಾಟನ್ನು ಹಿತ್ತಲಿಗೆ ಒಯ್ದು ಮೇಮಸಾಬಳ ಮುಂದೆ ಇಟ್ಟೆ. ಕುತ್ತಿಗೆಯ ಕುಂಕುಮ ಇನ್ನೂ ಆರಿರಲಿಲ್ಲ. ತನ್ನ ಬದಲಿಗೆ ಸತ್ತದ್ದನ್ನು ಅವಳು ಗಬಗಬ ತಿಂದಳು, ತಗ್ಗಿನ ನೀರು ಕುಡಿದಳು, ನನ್ನ ಪರಕಾರದ ಅಂಚು ಹಿಡಿದು ಜಗ್ಗಿದಳು. ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅವಳ ಪಾಲನ್ನೂ ನಾನೇ ಇಟ್ಟುಕೊಂಡೆ.